ಮುಂದೆ ಹೋಗುತ್ತಿದ್ದವಳು

ಕನ್ನಡಕದ ಅಂಗಡಿಯವನು ತನ್ನ ಹೆಂಡತಿಯ ಮುಖಕ್ಕಿಂತ ಮೊದಲು ನೋಡಿದ್ದು ಅವಳ ಬೆನ್ನನ್ನು. ಆಗ ಅವನಿನ್ನೂ ಕೆಲಸ ಕಲಿಯುತ್ತಿದ್ದ. ಗಾಜು ಉಜ್ಜಿ ಉಜ್ಜಿ ಬೆರಳ ತುದಿ ಸವೆದುಹೋಗಿದ್ದ ಕಾಲ. ಒಂದು ಸಂಜೆ ನೀರಿನ ಟ್ಯಾಂಕಿನ ಗುಡ್ಡವನ್ನು ಸೈಕಲ್ಲಿನಲ್ಲಿ ಹತ್ತುತ್ತಾ, ಅರ್ಧ ದಾರಿಗೇ ಜೀವ ಬಾಯಿಗೆ ಬಂದು, ಇಳಿದು ತಳ್ಳಲೋ ಬೇಡವೋ ಎಂದು ಯೋಚಿಸುತ್ತಿದ್ದ. ಅಷ್ಟರಲ್ಲಿ ಬಿಳಿ ಅಂಗಿಯವಳೊಬ್ಬಳು, ಕ್ಯಾರಿಯರ್‌ಗೆ ಔಷಧದ ಚೀಲ ಬಿಗಿದುಕೊಂಡು, ಪಕ್ಕದಲ್ಲೇ ಸರ್ರನೆ ಹಾದುಹೋದಳು. ಹೋಗುತ್ತಾ ಹೋಗುತ್ತಾ, "ಬ್ರೇಕ್ ಹಿಡ್ಕೊಂಡೇ ತುಳೀತಿದ್ದೀರಾ ಹೇಗೆ?" ಅಂದಳು. ತಿರುಗಿ ಮಾತ್ರ ನೋಡಲಿಲ್ಲ.

ಅವನು ಇಳಿಯಲಿಲ್ಲ. ಆ ಬೆನ್ನು ತಿರುವಿನಲ್ಲಿ ಮರೆಯಾಗುವ ಮೊದಲು ಅಲ್ಲಿಗೆ ಮುಟ್ಟಬೇಕು ಅಂತ ತುಳಿದ. ಮುಟ್ಟುವಷ್ಟರಲ್ಲಿ ಅದು ಮುಂದಿನ ತಿರುವಿನಲ್ಲಿತ್ತು. ಹೀಗೇ ಒಂದಾದ ಮೇಲೊಂದು ತಿರುವು ಹಿಡಿದು, ಹೇಗೋ ಗುಡ್ಡದ ತಲೆ ತಲುಪಿದ. ಅವಳು ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಮದುವೆಯಾದ ಮೇಲೆ ಯಾರಾದರೂ ಕೇಳಿದರೆ ಅವನು ಹೇಳುತ್ತಿದ್ದದ್ದು ಒಂದೇ ಮಾತು: "ಅವತ್ತು ಹಿಂದೆ ಬಿದ್ದೋನು, ಇವತ್ತಿಗೂ ಹಿಂದೇನೇ ಇದ್ದೀನಿ."

ಅವಳು ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ, ಸೂಜಿ ಚುಚ್ಚುವ, ಹೆರಿಗೆಯಾದವರನ್ನು ನೋಡಿಕೊಂಡು ಬರುವ ನರ್ಸು. ಬೀದಿಯವರು ಇಟ್ಟ ಹೆಸರು ಬಿರುಗಾಳಿ. ಬೆಳಗಿನಿಂದ ಸಂಜೆಯವರೆಗೆ ಸೈಕಲ್ಲಿನ ಮೇಲೇ ಇರುತ್ತಿದ್ದವಳಿಗೆ ರಜೆಯ ದಿನವೂ ಸೈಕಲ್ಲೇ ಬೇಕು. ಗಂಡ ಹೆಂಡತಿ ಬೆಳಗಾಗುತ್ತಲೇ ಗುಡ್ಡದ ಕಡೆ ಹೊರಡುವರು. ಬುಡದವರೆಗೆ ಜೊತೆಯಲ್ಲಿ ಮಾತು. ಏರು ಶುರುವಾಯಿತೋ, ಅವಳು ಸೀಟು ಬಿಟ್ಟು ಎದ್ದು ನಿಂತು ತುಳಿದು ಮುಂದಾಗುವಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುವ ಆ ಬೆನ್ನು, ಬೆವರಿಗೆ ಅಂಟಿದ ಅಂಗಿ, ಎರಡು ಭುಜದ ನಡುವೆ ಕುಣಿಯುವ ಜಡೆ. ಅವನು ಅದನ್ನೇ ನೋಡುತ್ತಾ ಹತ್ತುವನು. ಅಕ್ಕಪಕ್ಕ ಮರ ಇತ್ತೋ, ಬಂಡೆ ಇತ್ತೋ, ಅವನಿಗೆ ಗೊತ್ತಿಲ್ಲ.

ಹೀಗೆ ಎಷ್ಟೋ ವರ್ಷ ನಡೆದ ಮೇಲೆ ಒಂದು ಚಳಿಗಾಲದಲ್ಲಿ ಅವಳಿಗೆ ನ್ಯುಮೋನಿಯಾ ಬಂತು. ಬೇರೆಯವರ ಎದೆಗೆ ಕಿವಿಯಿಟ್ಟು ಓಡಾಡಿದವಳು ತನ್ನ ಕೆಮ್ಮನ್ನು ಕಾಲ ಕಸ ಮಾಡಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅರ್ಧ ಆಗಿದ್ದಳು. ಒಂದು ಕಡೆಯ ಶ್ವಾಸಕೋಶದಲ್ಲಿ ಕಲೆ ಉಳಿಯಿತು, ಅದು ಹೋಗುವುದಿಲ್ಲ ಎಂದರು. ಅವಳ ಜೊತೆಯಲ್ಲೇ ಕೆಲಸ ಮಾಡಿದ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದರು: "ಉಸಿರು ಕಟ್ಟದ ಹಾಗೆ ಏನು ಬೇಕಾದ್ರೂ ಮಾಡು ತಾಯಿ. ಆ ಗುಡ್ಡದ ಮಾತು ಮಾತ್ರ ಎತ್ತಬೇಡ."

ಅವಳು ಎತ್ತಲಿಲ್ಲ. ಕ್ಲಿನಿಕ್ಕಿನ ಮುಂದಿನ ಮೇಜಿಗೆ ಕೂತು ಫೋನ್ ಎತ್ತುವ ಕೆಲಸಕ್ಕೆ ಸೇರಿದಳು. ಸೈಕಲ್ಲನ್ನು ತಾನೇ ಒರೆಸಿ, ಹಳೆಯ ಚಾದರ ಹೊದಿಸಿ, ಹಿತ್ತಲ ಕೋಣೆಯಲ್ಲಿ ನಿಲ್ಲಿಸಿದಳು. ಅವನು ಕೆಲವು ವಾರ ಒಬ್ಬನೇ ಗುಡ್ಡಕ್ಕೆ ಹೋಗಿ ನೋಡಿದ. ಮೊದಲ ತಿರುವಿನಲ್ಲೇ ಕಾಲು ಮುಷ್ಕರ ಹೂಡುತ್ತಿತ್ತು. ಮುಂದೆ ಬರೀ ರಸ್ತೆ. ಬರೀ ರಸ್ತೆಯನ್ನು ನೋಡಿಕೊಂಡು ಯಾರು ಹತ್ತುತ್ತಾರೆ? ಅವನೂ ಬಿಟ್ಟ. ರಜೆಯ ಬೆಳಗ್ಗೆ ಇಬ್ಬರೂ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು ಚಹಾ ಕುಡಿಯುವರು. ಅವನು ಅವಳ ಮುಖ ನೋಡುತ್ತಿದ್ದ, ಅವಳು ಕಿಟಕಿ ನೋಡುತ್ತಿದ್ದಳು. ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು.

ಹೀಗೆ ಎರಡು ವರ್ಷ ಕಳೆದ ಮೇಲೆ ಅವಳ ತಮ್ಮ, ಬಸ್ ಓಡಿಸುವವನು, ಒಂದು ಸಂಜೆ ಬ್ಯಾಟರಿ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದ. ನೋಡಲು ರೇಸಿನ ಸೈಕಲ್ಲಿನ ಹಾಗೇ ಇತ್ತು: ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್, ತೆಳ್ಳಗಿನ ಟೈರು. ಮಧ್ಯದ ಕೊಳವೆ ಮಾತ್ರ ಊಟ ಮಾಡಿ ಎದ್ದವರ ಹೊಟ್ಟೆಯ ಹಾಗೆ ಉಬ್ಬಿತ್ತು.

"ನಂದೇ. ಒಂದಿಷ್ಟು ದಿನ ಇಲ್ಲಿರ್ಲಿ ಭಾವ," ಅಂದ, ಅಕ್ಕನ ಕಡೆ ನೋಡುತ್ತಾ. "ಗುಡ್ಡ ಅನ್ನೋದೇ ಗೊತ್ತಾಗಲ್ಲ."

"ಗುಡ್ಡ ಅನ್ನೋದೇ ಗೊತ್ತಾಗದಿದ್ರೆ ಗುಡ್ಡಕ್ಕೆ ಯಾಕೋ ಹೋಗ್ಬೇಕು?" ಅಂದಳು ಅಕ್ಕ. "ಊರುಗೋಲಿಗೆ ಚಕ್ರ ಹಾಕಿಸ್ಕೊಂಡು ಬಂದಿದ್ದೀಯ. ನಂಗಿನ್ನೂ ಅಷ್ಟು ವಯಸ್ಸಾಗಿಲ್ಲ."

ತಮ್ಮ ಪೆಚ್ಚಾಗಿ, ತಲೆ ಕೆರೆದುಕೊಂಡು, ಸೈಕಲ್ಲನ್ನು ಅಲ್ಲೇ ಬಿಟ್ಟು ಹೋದ.

ಮುಂದಿನ ರಜೆಯ ದಿನ ಕನ್ನಡಕದವನೇ ಅದನ್ನು ಹತ್ತಿದ. ಸಮತಟ್ಟಿನಲ್ಲಿ ಅಂಥ ಫರಕು ಕಾಣಲಿಲ್ಲ. ಅವನ ಹಳೆಯ ಸೈಕಲ್ಲಿಗಿಂತ ಒಂದಿಷ್ಟು ಭಾರ ಅನ್ನಿಸಿತು ಅಷ್ಟೆ. ಏರು ಶುರುವಾಗುತ್ತಲೇ ಕೆಳಗೆಲ್ಲೋ ಜೇನುಹುಳುವಿನಂಥ ಸದ್ದೆದ್ದಿತು. ಹಳೆಯ ಸೈಕಲ್ಲು ಏರಿನಲ್ಲಿ ಒಂದೊಂದು ತುಳಿತಕ್ಕೂ ಚೌಕಾಸಿ ಮಾಡುತ್ತಿತ್ತು. ನೀನಿಷ್ಟು ಕೊಟ್ಟರೆ ನಾನಿಷ್ಟು ಕೊಡುತ್ತೇನೆ ಅನ್ನುವ ಹಾಗೆ. ಇದು ಹಾಗಲ್ಲ, ಒಂದು ಹಿಡಿ ಕೇಳಿ ಮೊರದ ತುಂಬ ಕೊಡುತ್ತಿತ್ತು. ತಿರುವುಗಳು ತಾವಾಗಿಯೇ ಹಿಂದೆ ಸರಿದವು. ಅವನು ಮೊದಲ ಸಲ ಅಕ್ಕಪಕ್ಕ ನೋಡಿದ. ಮರಗಳಿದ್ದವು. ಒಂದು ಕಡೆ ಕಲ್ಲು ಒಡೆದು ಬಿಟ್ಟ ಹೊಂಡದಲ್ಲಿ ನೀರು ನಿಂತಿತ್ತು. ಚೆನ್ನಾಗಿಯೇ ಇತ್ತು. ಟ್ಯಾಂಕಿನ ಹತ್ತಿರ ಇಳಿದಾಗ ಅಂಗಿ ಒಣಗಿದ್ದ ಹಾಗೇ ಇತ್ತು. ಖಾಲಿ ಕಟ್ಟೆಯ ಮುಂದೆ, ಊಟ ಮಾಡದೆ ಕೈ ತೊಳೆದವನ ಹಾಗೆ ಸ್ವಲ್ಪ ಹೊತ್ತು ನಿಂತು ಹಿಂತಿರುಗಿದ.

ಅವಳು ತರಕಾರಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ಹೇಗಿತ್ತು?"

"ಯಾರೋ ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟು ತಳ್ಳಿದ ಹಾಗೆ."

"ಸುಮ್ನೆ ಕೂತಿದ್ರೂ ತಳ್ಳುತ್ತಾ?"

"ಇಲ್ಲ. ತುಳಿದ್ರೆ ಮಾತ್ರ. ನಿಲ್ಲಿಸಿದ್ರೆ ಅದೂ ನಿಲ್ಲಿಸುತ್ತೆ."

ಚಾಕು ಒಂದು ಗಳಿಗೆ ತಡೆಯಿತು, ಮತ್ತೆ ಹೊರಟಿತು. "ಹಾಗಾದ್ರೆ ಪೂರ್ತಿ ಸೋಮಾರಿ ಅಲ್ಲ," ಅಂದಳು. ಅವತ್ತು ಆ ಮಾತು ಅಲ್ಲಿಗೇ ನಿಂತಿತು.

ಮಾರನೆಯ ವಾರ ಅವನಿಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ತಣ್ಣಗಿತ್ತು. ಬಾಗಿಲ ಬಳಿ ಬ್ಯಾಟರಿ ಸೈಕಲ್ ಇರಲಿಲ್ಲ. ರಾತ್ರಿಯ ಪೈಜಾಮದಲ್ಲೇ, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು, ತನ್ನ ಹಳೆಯ ಸೈಕಲ್ ಹತ್ತಿ ಗುಡ್ಡದ ಕಡೆ ಹೊರಟ. ಬೇಕರಿಯ ಬಾಗಿಲು ತೆಗೆಯುತ್ತಿದ್ದವನು, "ಏನ್ ಸಾರ್, ಮನೆಗೆ ಬೆಂಕಿ ಬಿತ್ತಾ?" ಅಂದ.

ಎರಡನೆಯ ತಿರುವು ದಾಟಿ ತಲೆ ಎತ್ತಿದಾಗ ಅವಳು ಕಂಡಳು. ಮೇಲೆ, ತುಂಬ ಮೇಲೆ, ಬೆಳಗಿನ ಬಿಸಿಲು ಬಿದ್ದ ರಸ್ತೆಯಲ್ಲಿ ಹೆಬ್ಬೆರಳಷ್ಟು ಬೆನ್ನು. ಅವನಿಗೆ ಹೆದರಿಕೆಯೂ ಮರೆತುಹೋಯಿತು. ಈ ವಯಸ್ಸಿನಲ್ಲಿ ಎಲ್ಲಿತ್ತೋ ಆ ಬಲ, ಹಲ್ಲು ಕಚ್ಚಿ ತುಳಿದ. ತಿರುವಿನಲ್ಲಿ ಮರೆಯಾಗುತ್ತಾಳೆ ಅಂದರೆ ಸಂಕಟ, ಮತ್ತೆ ಕಂಡಳು ಅಂದರೆ ಸಂತೋಷ. ಹತ್ತಿರವಾದಂತೆ ನೋಡಿದ: ಅವಳು ಎದ್ದು ನಿಂತು ತುಳಿಯುತ್ತಿರಲಿಲ್ಲ. ಬೆನ್ನು ವಾಲುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವಳ ಹಾಗೆ ನೆಟ್ಟಗೆ ಕೂತು ನಿಧಾನಕ್ಕೆ ಹೋಗುತ್ತಿದ್ದಳು. ಜಡೆಯಿದ್ದ ಕಡೆ ಈಗ ಗಿಡ್ಡ ನರೆಗೂದಲು.

ಕೊನೆಯ ಏರಿನಲ್ಲಿ ಇದ್ದಕ್ಕಿದ್ದಂತೆ ಅವಳು ಎದ್ದು ನಿಂತಳು. ಒಂದು ಸಲ ಎಡಕ್ಕೆ ವಾಲಿದಳು, ಒಂದು ಸಲ ಬಲಕ್ಕೆ, ಮತ್ತೊಮ್ಮೆ ಎಡಕ್ಕೆ. ಆಮೇಲೆ ಸೈಕಲ್ಲು ತಡವರಿಸಿತು. ಅವಳು ಕಾಲು ಕೊಟ್ಟು ನಿಂತು, ರಸ್ತೆ ಬದಿಯ ಗಿಡ್ಡ ಗೋಡೆಯ ಮೇಲೆ ಕುಸಿದು ಕೂತಳು.

ಅವನು ಹೋಗಿ ತಲುಪಿದಾಗ ಅವಳ ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ತುಟಿ ಬಿಳಿಚಿಕೊಂಡಿತ್ತು. ಮಾತಾಡಬೇಡ ಎಂದು ಕೈ ತೋರಿಸಿ ಪಕ್ಕದಲ್ಲಿ ಕೂತ. ತುಂಬ ಹೊತ್ತಾದ ಮೇಲೆ ಅವಳ ಉಸಿರು ಹತೋಟಿಗೆ ಬಂತು. ಕಣ್ಣಲ್ಲಿ ನೀರಿತ್ತು.

"ಮೋಟಾರ್ ಆರಿಸಿದೆ," ಅಂದಳು. "ನೋಡೋಣ ಅಂತ. ಅಷ್ಟೇ ದೂರ ಬಂತು ನನ್ನ ಆಸೆ." ಕೈ ತೋರಿಸಿದಳು. ಮೂರು ಮನೆಯ ಅಗಲವೂ ಇರಲಿಲ್ಲ.

"ಹುಚ್ಚಿ ನೀನು. ಹೇಗೂ ಮೇಲೆ ಬಂದಾಗಿತ್ತಲ್ಲ."

"ಮೇಲೆ ಬರೋದು ಯಾರಿಗ್ರೀ ಬೇಕಿತ್ತು? ಬಸ್ಸಲ್ಲೂ ಬರಬಹುದು. ನಂಗೆ ಆ ಉರಿ ಬೇಕಿತ್ತು. ತೊಡೆ ಉರಿದು, ಎದೆ ಇನ್ನೇನು ಒಡೆದುಹೋಗುತ್ತೆ ಅನ್ನೋವಾಗ ಏರು ಮುಗಿಯುತ್ತಲ್ಲ, ಅದು. ಇದ್ರಲ್ಲಿ ಎಲ್ಲಾ ಇದೆ. ಗಾಳಿ ಇದೆ, ರಸ್ತೆ ಇದೆ. ನಾನೇ ಇಲ್ಲ."

ಅವನು ತನ್ನ ಎದೆಯಲ್ಲಿದ್ದದ್ದನ್ನೇ ಹೇಳಿದ. "ನಂಗೆ ನಿನ್ನ ಬೆನ್ನು ಬೇಕಿತ್ತು. ಅದನ್ನ ನೋಡಿ ಎರಡು ವರ್ಷ ಆಯ್ತು."

ಅವಳು ಕಣ್ಣೊರೆಸಿಕೊಂಡು ಅವನನ್ನು ದಿಟ್ಟಿಸಿದಳು. "ಇಷ್ಟು ವರ್ಷ ಮುಖ ತೋರಿಸಿದ್ದೆಲ್ಲ ದಂಡ ಆಯ್ತು ಅನ್ನಿ," ಅಂದಳು. ನಗಲು ಹೋಗಿ ಕೆಮ್ಮಿದಳು. ಕೆಮ್ಮಿನ ನಡುವೆಯೂ ನಕ್ಕಳು.

ಹೊರಡುವಾಗ ಮೋಟಾರನ್ನು ತೀರ ಕಡಿಮೆಗೆ ಇಟ್ಟುಕೊಂಡಳು. ಉಳಿದದ್ದು ಸ್ವಲ್ಪವೇ ದಾರಿ, ಆದರೆ ಅದೇ ಕಡಿದಾದದ್ದು. ಅವಳು ಮುಂದೆ ಹೋಗಲಿಲ್ಲ, ಪಕ್ಕದಲ್ಲೇ ಬಂದಳು. ಅವನು ಬಾಯಲ್ಲಿ ಉಸಿರಾಡುತ್ತಿದ್ದ. ಗಂಟಲಲ್ಲಿ ಸೀಟಿ ಹೊಡೆಯುತ್ತಿತ್ತು, ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು, ಪ್ರತಿ ತುಳಿತಕ್ಕೂ ಹೊಟ್ಟೆಯಿಂದ ಒಂದು ನರಳಿಕೆ ಬರುತ್ತಿತ್ತು. ಅವಳು ನರ್ಸಿನ ಕಿವಿಯಿಂದ ಅದನ್ನೆಲ್ಲ ಕೇಳಿಸಿಕೊಂಡಳು.

"ಏನ್ರೀ," ಅಂದಳು ಮೆಲ್ಲಗೆ. "ಯಾವಾಗ್ಲೂ ಹೀಗೇನಾ?"

ಅವನು ಹೌದೆಂದು ತಲೆಯಾಡಿಸಿದ.

"ಮೊದಲಿಂದಾನೂ?"

"ಮೊದಲನೇ... ದಿನದಿಂದಾನೂ."

"ನಂಗೆ ಗೊತ್ತೇ ಇರಲಿಲ್ಲ. ನೀವು ಬೇಕಂತ ನಿಧಾನಕ್ಕೆ ಬರ್ತೀರಿ ಅಂದ್ಕೊಂಡಿದ್ದೆ. ಮರ ಗಿಡ ನೋಡ್ಕೊಂಡು."

ಅವನಿಗೆ ನಗು ಬಂತು, ನಕ್ಕರೆ ಬೀಳುತ್ತೇನೆ ಅನ್ನಿಸಿ ತಡೆದುಕೊಂಡ. ಅವಳು ಒಂದು ಕೈ ಹ್ಯಾಂಡಲ್ ಬಿಟ್ಟು ಅವನ ಬೆನ್ನಿನ ಮೇಲಿಟ್ಟಳು. ತಳ್ಳಲಿಲ್ಲ. ಬೆವರು ಹಿಂಡುವಷ್ಟು ಒದ್ದೆಯಾಗಿದ್ದ ಅಂಗಿಯ ಮೇಲೆ ಅಂಗೈ ಸುಮ್ಮನೆ ಇತ್ತು. ಅವಳು ಆ ಒದ್ದೆಯನ್ನು ಮುಟ್ಟುತ್ತಾ ಬಂದಳು. ಕಳೆದುಹೋದ ತನ್ನದೇ ಏನನ್ನೋ ಬೇರೆಯವರ ಮನೆಯಲ್ಲಿ ನೋಡಿದವಳ ಹಾಗಿತ್ತು ಅವಳ ಮುಖ.

ಮೇಲೆ ಮುಟ್ಟಿದ ಮೇಲೆ ಅವನು ನೆಲಕ್ಕೇ ಒರಗಿದ. ಅವಳು ಸೈಕಲ್ಲಿನಿಂದ ಇಳಿಯಲಿಲ್ಲ. ಟ್ಯಾಂಕಿನ ಆಚೆ ಒಂದು ರಸ್ತೆ ಬೇರೆ ಕಣಿವೆಗೆ ಇಳಿಯುತ್ತಿತ್ತು. ಇಷ್ಟು ವರ್ಷ ಇಬ್ಬರೂ ಅದನ್ನು ನೋಡಿದ್ದರು, ಇಳಿದಿರಲಿಲ್ಲ. ಇಲ್ಲಿಗೆ ಬರುವಷ್ಟರಲ್ಲೇ ಇಬ್ಬರ ಶಕ್ತಿಯೂ ಮುಗಿದಿರುತ್ತಿತ್ತು. ಅವಳು ಒಂದು ಕಾಲು ನೆಲಕ್ಕೂರಿ, ಆ ರಸ್ತೆ ಮಂಜಿನೊಳಗೆ ಇಳಿದುಹೋಗುವುದನ್ನು ನೋಡುತ್ತಾ ನಿಂತಳು.

"ಆ ಕಡೆ ಏನಿದೆ ಅಂತೀರಿ?"

"ಯಾರಿಗೆ ಗೊತ್ತು."

"ಹೋಗಿ ನೋಡೋಣ್ವಾ?"

"ಇವತ್ತು ಆಗಲ್ಲ ಕಣೆ. ಕಾಲು ಬಿದ್ದುಹೋಗಿದೆ."

ಅವಳು ಸರಿ ಅಂದಳು. ಆದರೂ ಸೈಕಲ್ಲು ತಿರುಗಿಸಲಿಲ್ಲ. ಅವನು ಮಲಗಿದ್ದಲ್ಲಿಂದಲೇ ಅವಳನ್ನು ನೋಡಿದ. ನೀನು ಹೋಗಿ ಬಾ, ನಾನಿಲ್ಲೇ ಇರ್ತೀನಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದರೆ ಹೋಗಿಯೇ ಬಿಡುವಳು, ಅವನಿಗೆ ಗೊತ್ತು. ಇನ್ನೊಂದು ಗಳಿಗೆ ಅವಳು ಇಲ್ಲೇ ಇರಲಿ ಅನ್ನಿಸಿತು. ಆಮೇಲೆ ಆ ಮಾತು ಹೇಳಿದ.