ಕೆಂಪಾಗದ ಟ್ಯೂಬು

ಎರಡನೆಯ ಸಲವೂ ಬರ್ತಾಳ ಟ್ಯೂಬು ಕೆಂಪಾಗಲಿಲ್ಲ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮೇಲೆ ತಿಳಿನೀರು, ತಳದಲ್ಲಿ ಕುರಿಯ ರಕ್ತಕಣಗಳು ಒಂದು ಚುಕ್ಕೆಯಾಗಿ ಕೂತಿದ್ದವು. ಪಕ್ಕದಲ್ಲಿದ್ದ ದೇಜಪ್ಪನ ಟ್ಯೂಬೂ ಹಾಗೆಯೇ ಇತ್ತು. ಅವನದ್ದು ಹಾಗಿದ್ದರೆ ಆಶ್ಚರ್ಯವಿಲ್ಲ, ಅವನು ರೋಗಿ. ಬರ್ತಾ ಲ್ಯಾಬಿನಲ್ಲಿ ಕೆಲಸ ಮಾಡುವವಳು.

ದೇಜಪ್ಪ ಕೆಮ್ಮಣ್ಣಿನವನು, ಮೀನಿಗೆ ಹೋಗುವ ಇಪ್ಪತ್ತೆರಡರ ಯುವಕ. ಐದು ವರ್ಷದಲ್ಲಿ ಮೂರು ಸಲ ಮೆದುಳುಜ್ವರ ಬಂದು ಮಣಿಪಾಲದ ವಾರ್ಡು ಸೇರಿದ್ದ. ಒಬ್ಬನಿಗೇ ಮೂರು ಸಲ ಯಾಕೆ ಎಂದು ಡಾಕ್ಟರ್ ಮೇಬಲ್ ತಲೆ ಕೆಡಿಸಿಕೊಂಡು, ವಿದೇಶದ ಪತ್ರಿಕೆಗಳನ್ನು ತಿರುವಿ ಹಾಕಿ ಈ ಪರೀಕ್ಷೆಯನ್ನು ಹುಡುಕಿ ತೆಗೆದಿದ್ದರು. ನಮ್ಮ ರಕ್ತದ ತಿಳಿಭಾಗವಾದ ಸೀರಮ್ಮಿನಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸಾಲೇ ಇದೆ. ಒಂದು ಇನ್ನೊಂದನ್ನು ಎಬ್ಬಿಸುತ್ತ ಹೋಗಿ, ಕೊನೆಯ ಐದು ಒಟ್ಟಾಗಿ ರೋಗಾಣುವಿನ ಮೈಗೆ ತೂತು ಕೊರೆಯುತ್ತವೆ. ಆ ಐದರಲ್ಲಿ ಒಂದು ಹುಟ್ಟಿನಿಂದ ಇಲ್ಲದಿದ್ದರೂ ತೂತು ಬೀಳುವುದಿಲ್ಲ. ಅಂಥವರು ಉಳಿದ ಕಾಯಿಲೆಗಳನ್ನೆಲ್ಲ ಎಲ್ಲರ ಹಾಗೆ ದಾಟುತ್ತಾರೆ. ಈ ಒಂದು ಮೆದುಳುಜ್ವರದ ರೋಗಾಣು ಮಾತ್ರ ಅವರನ್ನು ಬಿಡುವುದಿಲ್ಲ. ಕುರಿಯ ರಕ್ತಕಣಗಳ ಮೇಲೆ ಸೀರಮ್ ಬಿಟ್ಟರೆ ಗೊತ್ತಾಗುತ್ತದೆ. ಸೀರಮ್ ಸರಿಯಿದ್ದರೆ ಕಣಗಳು ಒಡೆದು ನೀರೆಲ್ಲ ಕೆಂಪಾಗಬೇಕು.

ಕುರಿಯನ್ನು ಘಟ್ಟದ ಮೇಲಿನಿಂದ ತರಿಸಿದ್ದರು. ಕರಾವಳಿಯ ಮಳೆ ಅದಕ್ಕೆ ಸೇರದು. ಶೆಡ್ಡಿನಲ್ಲಿ ಒಂಟಿಯಾಗಿ ನಿಂತಿದ್ದು, ಬರ್ತಾ ಹೋದಾಗಲೆಲ್ಲ ಅವಳ ಕೋಟಿನ ಅಂಚು ಜಗಿದು ಮೈಗೆ ಮೈ ಉಜ್ಜುತ್ತಿತ್ತು. ಮೂವತ್ತನಾಲ್ಕರ ಬರ್ತಾಳಿಗೆ ಬಾಡಿಗೆ ಕೋಣೆ, ಸೀಮೆಎಣ್ಣೆ ಸ್ಟವ್ವು, ಒಂದು ರೇಡಿಯೋ. ವಾರವಿಡೀ ಅವಳನ್ನು ಮುಟ್ಟುವ ಜೀವ ಆ ಕುರಿ ಒಂದೇ ಎಂದರೆ ಹೆಚ್ಚಲ್ಲ.

ಹೋಲಿಸಿ ನೋಡಲು ಆರೋಗ್ಯವಂತರೊಬ್ಬರ ರಕ್ತ ಬೇಕಿತ್ತು. ಯಾರ ಹತ್ತಿರವೂ ಏನೂ ಕೇಳಿ ಅಭ್ಯಾಸವಿಲ್ಲದ ಬರ್ತಾ, ತೋಳಿಗೆ ಸುತ್ತಿದ ರಬ್ಬರ್ ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದು ತನ್ನ ತೋಳಿನಿಂದಲೇ ಎಳೆದುಕೊಂಡಿದ್ದಳು.

"ಎಂತ ಮಾರಾಯ್ತಿ, ಸೀರಮ್ ಹೊರಗೆ ಇಟ್ಟು ಮರೆತೆಯಾ?" ಪಕ್ಕದ ಮೇಜಿನ ನಳಿನಾಕ್ಷಿ ಕೇಳಿದಳು.

"ಇಲ್ಲ, ಐಸಿನಲ್ಲೇ ಉಂಟು. ಕುರಿಯ ರಕ್ತವೇ ಹಳತಾಗಿರಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ತಾ, ನನ್ನ ರಕ್ತ ತೆಗಿ. ನೋಡುವ."

ಮತ್ತೆ ಒಂದು ಗಂಟೆ ಬಿಸಿನೀರಿನ ತೊಟ್ಟಿಯ ಎದುರು ಕಾದರು. ನಳಿನಾಕ್ಷಿಯ ಟ್ಯೂಬು ಪುನರ್ಪುಳಿಯ ಶರಬತ್ತಿನಂತೆ ಕೆಂಪಗೆ ಹೊಳೆಯುತ್ತ ಮೇಲೆ ಬಂತು. "ನೋಡು, ನಂದು ಫಸ್ಟ್ ಕ್ಲಾಸ್!" ಎಂದು ನಕ್ಕವಳು ಬರ್ತಾಳ ಮುಖ ನೋಡಿ ಟ್ಯೂಬನ್ನು ಮೆಲ್ಲಗೆ ಕೆಳಗಿಟ್ಟಳು.

ಡಾಕ್ಟರ್ ಮೇಬಲ್ ಮೂರು ಟ್ಯೂಬುಗಳನ್ನೂ ನೋಡಿ, ಬರ್ತಾಳನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು.

"ಮನೆಯಲ್ಲಿ ಯಾರಿಗಾದರೂ ಮೆದುಳುಜ್ವರ ಬಂದದ್ದು ಉಂಟಾ, ಬರ್ತಾ?"

"ತಮ್ಮನಿಗೆ. ಹನ್ನೆರಡು ವರ್ಷ ಇದ್ದಾಗ ಒಮ್ಮೆ ಬಂದು ಗುಣ ಆಗಿತ್ತು. ಹದಿನೈದರಲ್ಲಿ ಇನ್ನೊಮ್ಮೆ ಬಂತು." ಬರ್ತಾ ತನ್ನ ಟ್ಯೂಬನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. "ಆಗ ಹೋದ. ಮೇಡಂ, ಅದು ಮಳೆಯಲ್ಲಿ ನೆನೆದರೆ ಬರುತ್ತದಾ?"

"ಮಳೆಯಿಂದ ಎಂತ ಬರುವುದು? ಹುಟ್ಟಿನಿಂದ ಬಂದ ಕೊರತೆ ಇದು. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ. ನಿಮಗೆ ಇಷ್ಟು ವರ್ಷ ಜ್ವರ ಬಾರದೆ ಇದ್ದದ್ದು ಅದೃಷ್ಟ. ಇನ್ನು ಜ್ವರ ಬಂದರೆ ಒಂದು ಗಂಟೆಯೂ ಕಾಯಬೇಡಿ, ನೇರ ಇಲ್ಲಿಗೆ ಬನ್ನಿ. ಒಬ್ಬರೇ ಇರುವುದು ಅಲ್ವಾ ನೀವು?"

ಬರ್ತಾ ತಲೆಯಾಡಿಸಿದಳು.

"ಅಕ್ಕ ಇದ್ದಾರಲ್ಲ, ಅವರ ರಕ್ತವನ್ನೂ ತನ್ನಿ."

ತಮ್ಮ ಆಂಟನಿ ಇದ್ದಾಗ ಅವರ ಮನೆ ಕಾಪುವಿನ ಕಡಲ ಬದಿಯಲ್ಲಿತ್ತು. ಒಮ್ಮೆ ಜ್ವರ ಬಂದು ಹೋದ ಆಂಟನಿಯನ್ನು ಮಳೆಗೆ ಬಿಡಬಾರದೆಂದು ತಾಯಿ ಕಾನ್ಸೆಪ್ಟಾಳ ಕಟ್ಟಪ್ಪಣೆ. ಅರುವತ್ತೆಂಟರ ಜೂನಿನ ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ, ಕಡಲು ಏರಿದ್ದನ್ನು ನೋಡಬೇಕೆಂದು ಅವನು ಹಟ ಹಿಡಿದ. ಹದಿನೆಂಟರ ಬರ್ತಾ ದೀಪಸ್ತಂಭದ ಬಂಡೆಯವರೆಗೆ ಕರೆದುಕೊಂಡು ಹೋದಳು. ಇಬ್ಬರೂ ತೊಪ್ಪೆಯಾಗಿ, ನಗುತ್ತ ಬಂದರು. ಮರುದಿನ ಸಂಜೆ ಅವನಿಗೆ ಜ್ವರ ಏರಿತು. ಮೆದುಳುಜ್ವರವಾದರೆ ಕುತ್ತಿಗೆ ಸೆಟೆಯುತ್ತದೆ ಎಂದು ಹಿಂದಿನ ಸಲ ಡಾಕ್ಟರು ಕಲಿಸಿದ್ದ ಹಾಗೆ ತಾಯಿ ಅವನ ಕುತ್ತಿಗೆಗೆ ಕೈಯಿಟ್ಟು, "ತಲೆ ಬಗ್ಗಿಸು ಪುತಾ, ಗಲ್ಲ ಎದೆಗೆ ಮುಟ್ಟಬೇಕು" ಎನ್ನುತ್ತಲೇ ಇದ್ದಳು. ಅವನ ಕುತ್ತಿಗೆ ಬಗ್ಗಲಿಲ್ಲ. ಕಾರು ಸಿಕ್ಕಿ ಉಡುಪಿ ತಲಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬಂದ ದಿನದಿಂದ ಕಾನ್ಸೆಪ್ಟಾ ಬರ್ತಾಳೊಂದಿಗೆ ಮಾತು ಬಿಟ್ಟಳು. ಬೈಗುಳವಾದರೂ ಇದ್ದಿದ್ದರೆ ಬರ್ತಾ ತಾಳಿಕೊಳ್ಳುತ್ತಿದ್ದಳು. ತಾಯಿ ಹೇಳಬೇಕಾದ್ದನ್ನೆಲ್ಲ ಗಂಡನ ಮೂಲಕ ಹೇಳುತ್ತಿದ್ದಳು. ಗಂಡ ತೀರಿಕೊಂಡು ಕಾರ್ಕಳದಲ್ಲಿ ಹಿರಿಮಗಳು ಸೋಫಿಯಾಳ ಮನೆ ಸೇರಿದ ಮೇಲೆ ಸೋಫಿಯಾಳ ಮೂಲಕ. ಹೀಗೆ ಹದಿನಾರು ವರ್ಷ.

ಡಾಕ್ಟರು ಅಕ್ಕನ ರಕ್ತ ಕೇಳಿದ ವಾರದ ಭಾನುವಾರ ಬರ್ತಾ ಫ್ಲಾಸ್ಕಿನಲ್ಲಿ ಐಸು ತುಂಬಿಕೊಂಡು ಕಾರ್ಕಳದ ಬಸ್ಸು ಹತ್ತಿದಳು. ಹಿರಿಯಡ್ಕ ದಾಟುವಷ್ಟರಲ್ಲಿ ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು. 'ಮಳೆಯಿಂದ ಅಲ್ಲ ಮಾಯ್, ನಿನ್ನಿಂದ ಬಂದದ್ದು.' ಅದನ್ನು ಕೇಳುವಾಗ ತಾಯಿಯ ಮುಖವನ್ನು ನೋಡಬೇಕೆಂಬ ಆಸೆ ಅವಳಿಗಿತ್ತು. ತನ್ನ ಆಸೆಗೆ ತಾನೇ ನಾಚಿಕೊಂಡಳು, ಆದರೆ ಬಿಡಲಿಲ್ಲ.

ಕಾನ್ಸೆಪ್ಟಾ ಜಗಲಿಯ ಬೆಂಚಿನಲ್ಲಿ ಜಪಸರ ಹಿಡಿದು ಕೂತಿದ್ದಳು. "ಸೋಫಿಯಾ, ಅವಳಿಗೆ ಚಾ ಕೊಡು," ಎಂದಳು ಅಂಗಳದ ಕಡೆ ನೋಡುತ್ತ.

ಬರ್ತಾ ಅಲ್ಲಿಯೇ ಅಕ್ಕನ ರಕ್ತ ತೆಗೆದು ಐಸಿನಲ್ಲಿಟ್ಟಳು. ತೆಗೆಯುತ್ತಲೇ ಟ್ಯೂಬಿನ ಕತೆಯನ್ನೂ, ದೇಜಪ್ಪನ ಕತೆಯನ್ನೂ ಹೇಳಿದಳು. "ಆಂಟನಿಗೆ ಆದದ್ದೂ ಇದೇ ಅಂತ ಡಾಕ್ಟರು ಹೇಳಿದರು. ಮಳೆಗೂ ಅದಕ್ಕೂ ಸಂಬಂಧ ಇಲ್ಲ ಅಂತೆ."

"ಹಾಗಾದರೆ ಅದು ಬಂದದ್ದು ಎಲ್ಲಿಂದ?" ಸೋಫಿಯಾ ಹತ್ತಿಯನ್ನು ತೋಳಿಗೆ ಒತ್ತಿಕೊಂಡು ಕೇಳಿದಳು.

ಜಪದ ಮಣಿ ನಿಂತಿತು. ಬರ್ತಾ ತಾಯಿಯ ಕೈ ನೋಡಿದಳು. ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಆ ಕೈ ಒಂದು ಮಣಿಯನ್ನು ಹಿಡಿದಿತ್ತು. ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಎಲ್ಲಿಂದಲೂ ಅಲ್ಲ," ಎಂದಳು. "ಕೆಲವರಿಗೆ ಹುಟ್ಟುವಾಗಲೇ ಆ ಪ್ರೋಟೀನು ಇರುವುದಿಲ್ಲ. ಅವನಿಗೆ ಇರಲಿಲ್ಲ. ನನಗೂ ಇಲ್ಲ."

ಕಾನ್ಸೆಪ್ಟಾ ಜಪಸರವನ್ನು ಬೆರಳಿಗೆ ಸುತ್ತಿಕೊಂಡಳು.

"ಸೋಫಿಯಾ, ಅವಳಿಗೆ ಜ್ವರ ಉಂಟಾ ಕೇಳು."

"ಇಲ್ಲ," ಎಂದು ಬರ್ತಾಳೇ ಹೇಳಿದಳು.

ಕಾನ್ಸೆಪ್ಟಾ ಗೋಡೆ ಹಿಡಿದು ಎದ್ದಳು. ಕಾಲೆಳೆಯುತ್ತ ಬಂದು ಬರ್ತಾಳ ಎದುರು ನಿಂತಳು.

"ತಲೆ ಬಗ್ಗಿಸು."

ಬರ್ತಾ ಅಕ್ಕನ ಮುಖ ನೋಡಿದಳು, ಹೇಳಿದ್ದು ಅವಳಿಗೇನೋ ಎಂದು.

"ನಿನಗೇ ಹೇಳಿದ್ದು. ಗಲ್ಲ ಎದೆಗೆ ಮುಟ್ಟಬೇಕು."

ಬರ್ತಾ ತಲೆ ಬಗ್ಗಿಸಿದಳು. ಗಲ್ಲ ಎದೆಗೆ ಮುಟ್ಟಿತು. ಕುತ್ತಿಗೆಯ ಹಿಂದೆ, ಜಡೆಯ ಬುಡದಲ್ಲಿ, ತಾಯಿಯ ಅಂಗೈ ಬಂದು ಕೂತಿತು. ಜಪಸರದ ತಣ್ಣನೆಯ ಶಿಲುಬೆ ಬೆನ್ನಿಗೆ ತಾಗಿ ನೇತಾಡಿತು. ಬೆಂಚಿನ ಮೇಲೆ ಚಾ ಕೆನೆಗಟ್ಟುತ್ತಿತ್ತು. ಸಾಕು, ತಲೆ ಎತ್ತು ಎಂದು ಕಾನ್ಸೆಪ್ಟಾ ಹೇಳಲಿಲ್ಲ. ಬರ್ತಾ ಎತ್ತಲೂ ಇಲ್ಲ.