ಹದಿನಾಲ್ಕು ತೋಳದ ಮರಿಗಳು

ತಾಂಬಾದ ಶಾಲೆಯಲ್ಲಿ ಪಾಲಕರ ಸಭೆ ಅಂತ ಒಂದು ನಡೆಯಬಹುದೆಂದು ೧೯೫೯ರವರೆಗೆ ಯಾರಿಗೂ ಹೊಳೆದಿರಲಿಲ್ಲ. ಶಾಲೆಯಿಂದ ಕರೆ ಬಂತೆಂದರೆ ಹುಡುಗ ಏನೋ ಕಿತಾಪತಿ ಮಾಡಿದ್ದಾನೆ ಎಂದೇ ಲೆಕ್ಕ. ಹಾಗಾಗಿ ಬಸಂತರಾಯ ಮಾಸ್ತರರು, ಎಂಟರಿಂದ ಹನ್ನೊಂದು ವರ್ಷದ ಹುಡುಗರಿರುವ ಮನೆಯವರೆಲ್ಲ ಸೋಮವಾರ ಸಂಜೆ ನಾಲ್ಕಕ್ಕೆ ಬರಬೇಕೆಂದು ಹೇಳಿ ಕಳಿಸಿದಾಗ, ಅರ್ಧ ಊರು ಮೊದಲು ಮಕ್ಕಳ ಕಿವಿ ಹಿಂಡಿ ಆಮೇಲೆ ಕಾರಣ ಕೇಳಿತು.

ಜೈತುನಬಿ ಮಾತ್ರ ಮಗನ ಕಿವಿ ಹಿಂಡಲಿಲ್ಲ. ಎಂಟು ವರ್ಷದ ಅಬ್ದುಲರಜಾಕನ ಮೇಲೆ ಆಕೆ ಎಂದೂ ಕೈ ಎತ್ತಿದವಳಲ್ಲ. ಉಳಿದವನು ಅವನೊಬ್ಬನೇ. ದೊಡ್ಡವನು ಮಲಿಕ. ಐದು ವರ್ಷದ ಹಿಂದೆ, ಸುಗ್ಗಿಯ ದಿನಗಳಲ್ಲಿ, ಹೊಲದ ಬದುವಿನ ಮೇಲೆ ಆಡುತ್ತಿದ್ದವನನ್ನು ತೋಳ ಹೊತ್ತುಕೊಂಡು ಹೋಯಿತು. ಜೈತುನಬಿ ಇಪ್ಪತ್ತು ಮಾರು ದೂರದಲ್ಲಿ ಬಗ್ಗಿ ಜೋಳದ ಕಣಿಕೆಯ ಸೂಡು ಕಟ್ಟುತ್ತಿದ್ದಳು. ತಲೆ ಎತ್ತುವಷ್ಟರಲ್ಲಿ ಬದುವಿನ ಮೇಲೆ ಯಾರೂ ಇರಲಿಲ್ಲ.

ಅಂದಿನಿಂದ ಊರು ಆಕೆಯ ಮುಂದೆ ಆ ಪ್ರಾಣಿಯ ಹೆಸರು ಎತ್ತುವುದನ್ನು ಬಿಟ್ಟಿತು. ಪಂಚರು ಕೂತು ಠರಾವು ಮಾಡಿದ್ದಲ್ಲ, ಒಬ್ಬರಿಗೊಬ್ಬರು ಹೇಳಿಕೊಟ್ಟಿದ್ದೂ ಅಲ್ಲ. ಹಟ್ಟಿಯಿಂದ ಕುರಿಮರಿ ಹೋದರೆ ಕುರುಬರು ಕೂಡ 'ಅದು ಬಂದಿತ್ತು' ಅನ್ನುತ್ತಿದ್ದರು. ಬರಬರುತ್ತ ಅದೇ ರೂಢಿಯಾಗಿ, ಆಕೆ ಇಲ್ಲದ ಕಡೆಯೂ ಅದು 'ಅದು' ಎಂದೇ ಆಯಿತು. ನಮ್ಮ ಕಡೆಯವರ ಬಾಯಿ ಒರಟು ಎಂದು ತೆಂಕಣದವರು ಮೂಗು ಮುರಿಯುತ್ತಾರಲ್ಲ, ಅವರು ಬಂದು ಇದನ್ನೊಂದು ನೋಡಬೇಕಿತ್ತು.

ಬಸಂತರಾಯ ಮಾಸ್ತರರು ಬಸವನ ಬಾಗೇವಾಡಿಯ ಪೇಟೆಯಲ್ಲಿ ಹುಟ್ಟಿ ಬೆಳೆದವರು. ತಾಂಬಾಕ್ಕೆ ಬಂದು ಬರೀ ಆರು ತಿಂಗಳು. ವಯಸ್ಸು ಇಪ್ಪತ್ತಮೂರು, ಹುರುಪು ಮಾತ್ರ ನಾಲ್ಕು ಜನರಿಗೆ ಹಂಚಿ ಉಳಿಯುವಷ್ಟು. ದೀಪಾವಳಿ ಸೂಟಿಯಲ್ಲಿ ವಿಜಾಪುರಕ್ಕೆ ಹೋಗಿ ಸ್ಕೌಟ್ ತರಬೇತಿ ಮುಗಿಸಿ, ಒಂದು ಸೀಟಿ, ಒಂದು ಹಸಿರು ರುಮಾಲು, ಒಂದು ಪುಸ್ತಕ ತಂದಿದ್ದರು. ಊರಿನ ರೂಢಿಯನ್ನು ಅವರಿಗೆ ಯಾರು ಹೇಳಬೇಕು? ಹೇಳಬೇಕೆಂದರೂ ಆ ಹೆಸರು ಎತ್ತಬೇಕಲ್ಲ. ಹಾಗಾಗಿ ಯಾರೂ ಹೇಳಿರಲಿಲ್ಲ.

ಸೋಮವಾರ ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಜೈತುನಬಿ ಗಂಡ ಕಾಸಿಂಸಾಬನ ಹಿಂದೆ ಬಂದು ಹೆಂಗಸರ ನಡುವೆ ಕೂತಳು. ಹಸಿರು ರುಮಾಲು ಕೊರಳಿಗೆ ಕಟ್ಟಿಕೊಂಡ ಮಾಸ್ತರರು ಹಣೆಯ ಬೆವರು ಒರೆಸಿಕೊಂಡು ಶುರುಮಾಡಿದರು.

“ಇದು ಹುಡುಗರನ್ನ ಗಟ್ಟಿ ಮಾಡೋ ಶಿಕ್ಷಣ ಐತ್ರಿ. ಹಗ್ಗದ ಗಂಟ ಹಾಕೋದು, ಗಾಯಕ್ಕ ಪಟ್ಟಿ ಕಟ್ಟೋದು, ದಾರಿ ತಪ್ಪಿದ್ರ ಹೊತ್ತ ನೋಡಿ ದಿಕ್ಕ ಹಿಡಿಯೋದು, ಎಲ್ಲಾ ಕಲಸ್ತೇವಿ. ದಿನಕ್ಕೊಂದು ಒಳ್ಳೆ ಕೆಲಸ ಮಾಡ್ತೇವಿ ಅಂತ ಹುಡುಗ್ರು ಆಣಿ ಮಾಡ್ತಾರ.”

“ಒಂದಽ ಯಾಕ್ರೀ ಮಾಸ್ತರ?” ಎಂದ ಕುರಿ ಸಾಕುವ ರೇವಣಪ್ಪ. “ನನ್ನ ಮಗಗ ಎರಡ ಹೇಳ್ರಿ. ಒಂದ ನಿಮಗ, ಒಂದ ನಮ್ಮ ಮನಿಗಿ.”

ಎಲ್ಲರೂ ನಕ್ಕರು. ಜೈತುನಬಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ದಾರಿ ತಪ್ಪಿದರೆ ದಿಕ್ಕು ಹಿಡಿಯುವ ಮಾತು ಆಕೆಗೆ ಬಹಳ ಹಿಡಿಸಿತ್ತು. ಮಗನನ್ನು ಕಣ್ಣಿನಾಚೆ ಬಿಡದ ಹೆಂಗಸು, ಇದಕ್ಕಾದರೆ ಕಳಿಸಬಹುದೇನೋ ಎಂದು ಮೊದಲ ಸಲ ಮನಸ್ಸು ಸಡಿಲ ಮಾಡಿದ್ದಳು.

ನಗು ಕೇಳಿ ಮಾಸ್ತರರಿಗೆ ಇನ್ನಷ್ಟು ಹುರುಪು ಬಂತು. “ದೊಡ್ಡ ಹುಡುಗರಿಗೆ ಸ್ಕೌಟ್ ಅಂತಾರ್ರಿ. ಈ ಸಣ್ಣವರಿಗೆ ಬ್ಯಾರೆ ಹೆಸರೈತಿ. ಇವತ್ತಿನಿಂದ ನಿಮ್ಮ ಮಕ್ಕಳು ತೋಳದ ಮರಿಗಳು. ನಾ ಅವರ ಹಿರೀ ತೋಳ.”

ನಗು ಅಲ್ಲಿಗೇ ನಿಂತಿತು. ಗಂಡಸರು ಜಮಖಾನದ ಗೆರೆ ನೋಡುತ್ತ ಕೂತರು. ಪಕ್ಕದ ಹೆಂಗಸು ಜೈತುನಬಿಯ ಮೊಣಕೈ ಹಿಡಿದಳು. ಐದು ವರ್ಷದಿಂದ ಕೇಳದ ಶಬ್ದ, ಮಾವಿನಹಣ್ಣಿನ ಹೆಸರು ಹೇಳಿದಷ್ಟು ಸಲೀಸಾಗಿ ಆ ಹುಡುಗ ಮಾಸ್ತರನ ಬಾಯಿಂದ ಎರಡು ಸಲ ಬಂದಿತ್ತು.

ಮಾಸ್ತರರು ಆ ಮೌನವನ್ನು ಮರ್ಯಾದೆ ಅಂದುಕೊಂಡರು, ಪಾಪ. ಸೀಟಿ ಊದಿದರು. ಹದಿನಾಲ್ಕು ಹುಡುಗರು ಓಡಿಬಂದು ಅವರ ಸುತ್ತ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ನೆಲಕ್ಕೆ ಊರಿ, ಮುಖ ಮೇಲೆತ್ತಿದರು. ಮೊದಲು ರಜಾಕ ಒಬ್ಬನೇ ಕೂಗಿದ. ಸಣ್ಣಗೆ ಎದ್ದು, ಉದ್ದಕ್ಕೆ ಏರಿ, ತುದಿಯಲ್ಲಿ ಮುರಿದು ಬೀಳುವ ಕೂಗು. ಆಮೇಲೆ ಉಳಿದ ಹದಿಮೂರು ಗಂಟಲು ಅದನ್ನೇ ಹಿಡಿದವು.

ರೇವಣಪ್ಪನ ಕೈ ತನ್ನಷ್ಟಕ್ಕೇ ಬಡಿಗೆಗೆ ಹೋಯಿತು. ಜೈತುನಬಿ ಎದ್ದು, ಎಂದೂ ದಾಟದ ಗಂಡಸರ ಸಾಲು ದಾಟಿ, ಮಗನ ರಟ್ಟೆ ಹಿಡಿದು ಎಬ್ಬಿಸಿದಳು.

“ಒಂದನ್ನ ಅದು ತಿಂದೈತಿ,” ಎಂದಳು ಮಾಸ್ತರರ ಮುಖ ನೋಡಿ. “ಇನ್ನೊಂದನ್ನ ನೀವು ಅದರ ಮರಿ ಮಾಡ್ತೀರಿ?”

ಮಾಸ್ತರರ ಬಾಯಿಯಿಂದ ಸೀಟಿ ಕೆಳಗೆ ಬಿತ್ತು. ಆಕೆ ಹೋದ ಮೇಲೆ ರೇವಣಪ್ಪ ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದನಂತೆ. ಕೇಳಿ ಅವರು ಕೊರಳಿನ ರುಮಾಲು ಬಿಚ್ಚಿ ಕಿಸೆಗೆ ತುರುಕಿದರಂತೆ.

ಮರುದಿನ ರಜಾಕ ಶಾಲೆಗೆ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಇನ್ನು ಕಳಿಸುವುದೇ ಇಲ್ಲ ಎಂದು ಜೈತುನಬಿ ಖಡಾಖಂಡಿತ ಹೇಳಿಬಿಟ್ಟಳು.

“ಓದೋ ಹುಡುಗ. ಸಾಲಿ ಬಿಡಸಬ್ಯಾಡ,” ಎಂದ ಕಾಸಿಂಸಾಬ.

“ಮನ್ಯಾಗ ಕೂಡ್ಲಿ. ನನ್ನ ಕಣ್ಣಮುಂದ ಇರ್ಲಿ. ಜೀವ ಇದ್ರ ಸಾಕು ನನಗ.”

ಮೂರನೆಯ ದಿನ ಮಧ್ಯಾಹ್ನ ಮಾಸ್ತರರು ಬಾಗಿಲಿಗೆ ಬಂದರು. ಕಾಸಿಂಸಾಬ ಒಳಗೆ ಕರೆದರೂ ಹೊಸ್ತಿಲು ದಾಟಲಿಲ್ಲ. ಮುಖ ಬಾಡಿತ್ತು.

“ತಾಯಿ, ನನಗ ಗೊತ್ತಿರಲಿಲ್ರಿ. ಪುಸ್ತಕದಾಗ ಇದ್ದದ್ದ ಓದಿ ಹೇಳಿದ್ನಿ. ಆ ಹೆಸರ ತಗದ ಹಾಕೇನಿ. ನಿಮ್ಮ ಹುಡುಗ ಸ್ಕೌಟಿಗೆ ಬರದಿದ್ರ ಬ್ಯಾಡ. ಸಾಲಿ ಮಾತ್ರ ಬಿಡಸಬ್ಯಾಡ್ರಿ. ನಿಮ್ಮ ಕಾಲ ಹಿಡೀತೇನಿ.”

“ಹೆಸರ ಅಂದ್ರಿ, ಅಂದ್ರಿ. ಹೋಗ್ಲಿ,” ಎಂದಳು ಜೈತುನಬಿ. ಇಷ್ಟು ಸಣ್ಣ ವಯಸ್ಸಿನವನು ಹೀಗೆ ಕೈಮುಗಿದು ನಿಂತದ್ದು ನೋಡಿ ಸಿಟ್ಟು ಅರ್ಧ ಇಳಿದಿತ್ತು. “ಆ ಕೂಗ ಯಾಕ ಕಲಸಿದ್ರಿ ಅವಗ? ಅದೊಂದ ಹೇಳ್ರಿ.”

ಮಾಸ್ತರರು ಗಲಿಬಿಲಿಯಾದರು. “ನಾ ಕಲಸಿಲ್ರಿ. ಪ್ಯಾಟ್ಯಾಗ ಬೆಳದಾಂವ, ನನಗೇನ ಗೊತ್ತು? ಸಭಾಕ್ಕ ಮೊದಲ ಸಾಲ್ಯಾಗ, ಕೇಳಿದವರ ಮೈ ಝುಂ ಅನ್ನೂವಂಗ ಯಾರು ಕೂಗ್ತೀರಿ ಅಂದ್ನಿ. ಎಲ್ಲಾರೂ ನಾಯಿಗತೆ ಒದರಿದ್ರು. ರಜಾಕ ಎದ್ದ ನಿಂತು ಕೂಗಿದ. ನನ್ನ ಮೈ ಖರೇನಽ ಝುಂ ಅಂತ್ರಿ. ಉಳದವರಿಗೆ ಅವನಽ ಕಲಸಿದ.”

ಜೈತುನಬಿ ತಿರುಗಿ ನೋಡಿದಳು. ರಜಾಕ ಮೂಲೆಯಲ್ಲಿ ಪಾಟಿ ಬಳಪ ಹಿಡಿದು ಕೂತಿದ್ದ. ಮಲಿಕನನ್ನು ಅದು ಒಯ್ದ ದಿನ ಇವನಿಗೆ ಮೂರು ವರ್ಷ. ಆ ದಿನ ಹೊಲದಲ್ಲಿ ಯಾವ ಸದ್ದೂ ಆಗಿರಲಿಲ್ಲ. ಹಾಗಾದರೆ ಇವನು ಅದನ್ನು ಎಲ್ಲಿ ಕೇಳಿದ?

“ಆ ಕೂಗ ಎಲ್ಲಿ ಕಲ್ತಿ?”

ಹುಡುಗ ಅಪ್ಪನ ಮುಖ ನೋಡಿದ. ಕಾಸಿಂಸಾಬ ಬೇರೆ ಕಡೆ ನೋಡಿದ.

“ಬೈಯಲ್ಲ, ಹೇಳು.”

“ನಿನ್ನ ಕಡಿಂದಽ,” ಎಂದ ರಜಾಕ. “ನೀ ನಿದ್ದ್ಯಾಗ ಹಂಗಽ ಒದರ್ತಿಯಲ್ಲ ಯವ್ವಾ. ದಿನಾ ಒದರ್ತಿ.”

ಜೈತುನಬಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಗಂಡನ ಕಡೆ ನೋಡಿ, “ಹೌದೇನು?” ಎಂದಳು.

“ಎಬ್ಬಿಸಿದ್ರ ಎಲ್ಲಾ ನೆನಪಾಗ್ತೈತಿ ಅಂತ ಎಬ್ಬಸ್ತಿದ್ದಿಲ್ಲ,” ಎಂದ ಕಾಸಿಂಸಾಬ. “ಅವಗೂ ಹೇಳಬ್ಯಾಡ ಅಂದಿದ್ನಿ.”

ಆಕೆ ಐದು ವರ್ಷ ಈ ಮನೆಯಲ್ಲಿ ಒಂದು ಹೆಸರು ಎತ್ತದ ಹಾಗೆ ಕಾಯ್ದಿದ್ದಳು. ಮಗನ ಕಿವಿಗೆ ಒಂದು ಶಬ್ದ ಬೀಳದ ಹಾಗೆ ಕಾಯ್ದಿದ್ದಳು. ಆ ಮಗ ಪಕ್ಕದ ಹಾಸಿಗೆಯಲ್ಲಿ ಎಚ್ಚರವಾಗಿ ಮಲಗಿ, ಆಕೆಯ ಸಂಕಟವನ್ನು ರಾಗ ತಪ್ಪದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದ. ಅಂಗಳದಲ್ಲಿ ಹದಿನಾಲ್ಕು ಹುಡುಗರು ಮುಖ ಎತ್ತಿ ಅದನ್ನೇ ಕೂಗಿದ್ದರು. ಆಕೆಗೆ ಅಳು ಬರಲಿಲ್ಲ, ನಾಚಿಕೆ ಬಂತು, ನಾಚಿಕೆಗಿಂತ ಹೆಚ್ಚಾಗಿ ಆ ಹುಡುಗನ ಮೇಲೆ ಕರುಳು ಹಿಂಡುವಷ್ಟು ಮರುಕ ಬಂತು.

ಆಕೆ ಬಾಗಿಲ ಕಡೆ ತಿರುಗಿದಳು.

“ಮಾಸ್ತರ, ನಾಳಿಂದ ಕಳಸ್ತೇನಿ. ಸಾಲಿಗೂ ಕಳಸ್ತೇನಿ, ನಿಮ್ಮ ಸ್ಕೌಟಿಗೂ ಕಳಸ್ತೇನಿ. ಹೆಸರ ಏನ ಬೇಕಾದ್ದ ಇಡ್ರಿ. ಆ ಕೂಗ ಮಾತ್ರ ಅವಗ ಮರಸ್ರಿ. ಅದು ಹುಡುಗರದಲ್ಲ, ನಂದು.”