ಸದ್ದಿಲ್ಲದ ಕೃಷ್ಣಯ್ಯ

ಕೊಡಿಗೇಹಳ್ಳಿಯ ಕೃಷ್ಣಯ್ಯನವರು ಮಾತು ಶುರುಮಾಡುವುದೇ ‘ಅದೇ ಹೇಳಿದ್ನಲ್ಲ’ ಎಂದು. ಅದಕ್ಕೆ ಮೊದಲು ಅವರು ಏನನ್ನೂ ಹೇಳಿರುವುದಿಲ್ಲ. ಮದುವೆ, ನಾಮಕರಣ, ರಾಜ್ಯೋತ್ಸವಗಳಿಗೆ ಮೈಕು, ದೀಪಗಳನ್ನು ಒದಗಿಸುವುದು ಅವರ ಕಸುಬು. ಕಡುಬೇಸಿಗೆಯಲ್ಲೂ ಬಿಚ್ಚದ ಖಾಕಿ ಕೋಟು, ಅದರ ಜೇಬಿನಿಂದ ಇಣುಕುವ ಟೆಸ್ಟರು, ಸದಾ ಎಡಕ್ಕೆ ತಿರುಗಿದ ಕತ್ತು. ಕತ್ತು ತಿರುಗಿದ್ದು ವಿನಯದಿಂದಲ್ಲ. ಡೀಸೆಲ್ ಜನರೇಟರಿನ ಪಕ್ಕದಲ್ಲೇ ಆಯುಷ್ಯ ಸವೆಸಿ ಎಡಗಿವಿ ಹೋಗಿತ್ತು, ಬಲಗಿವಿಯನ್ನು ಎದುರಿನವರ ಬಾಯಿಗೆ ಒಡ್ಡದೆ ವಿಧಿಯಿರಲಿಲ್ಲ.

ಆ ಕಿವಿಯ ಸಂಕಟಕ್ಕೋ ಏನೋ, ೨೦೧೪ರಲ್ಲಿ ಅವರು ಜನರೇಟರನ್ನು ಮಾರಿ, ಮನೆಯ ತಾರಸಿಗೆ ಸೋಲಾರ್ ಹಲಗೆಗಳನ್ನು ಹಾಕಿಸಿ, ಹಗಲಿನ ಬಿಸಿಲನ್ನು ಬ್ಯಾಟರಿಗಳಲ್ಲಿ ತುಂಬಿಸಿ ಟೆಂಪೋದಲ್ಲಿ ಹೇರಿಕೊಂಡು ಹೊರಟರು. ಆಯ್ತಲ್ಲ, ಊರವರ ಮುಖ ಸೊಟ್ಟಗಾಯಿತು. ನಮ್ಮ ಕಡೆ ಸಮಾರಂಭವೆಂದರೆ ಪೆಂಡಾಲಿನ ಹಿಂದೆ ಜನರೇಟರು ದಡದಡ ಎನ್ನಬೇಕು. ಆ ಸದ್ದೇ ಮನೆಯವರ ಗತ್ತು, ಕರೆಂಟು ಕೈಕೊಡುವುದಿಲ್ಲವೆಂಬ ಭರವಸೆ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಉಳಿದದ್ದು ಪಕ್ಕದ ಹಳ್ಳಿ ಸಿಂಗಾಪುರದ ರಾಜ್ಯೋತ್ಸವವೊಂದೇ. ಅದೂ ತಪ್ಪಿದರೆ ಅಂಗಡಿಯ ಬಾಗಿಲೆಳೆಯಬೇಕಿತ್ತು.

ಅಲ್ಲಿನ ಕನ್ನಡ ಸಂಘದ ಅಧ್ಯಕ್ಷ ಮುನಿಆಂಜಿನಪ್ಪ ಅನುಮಾನಿಸಿದರು. “ಸದ್ದೇ ಇಲ್ವಲ್ಲ ಕೃಷ್ಣಯ್ಯ, ಜನ ನಂಬ್ತಾರಾ?”

“ಅದೇ ಹೇಳಿದ್ನಲ್ಲ ಅಣ್ಣ, ದೀಪ ನೋಡಿ ನಂಬ್ಲಿ.”

ಅಧ್ಯಕ್ಷರಿಗೆ ದೀಪ ಸಾಲದಾಯಿತು. ಮಹಾನುಭಾವರು ಎಲ್ಲಿಂದಲೋ ಒಂದು ಜನರೇಟರು ತರಿಸಿ, ಅದಕ್ಕೆ ಒಂದೇ ಒಂದು ವೈರನ್ನೂ ಸಿಕ್ಕಿಸದೆ, ಬರೀ ಸದ್ದಿಗಾಗಿ ವೇದಿಕೆಯ ಪಕ್ಕ ಓಡಿಸಿಬಿಟ್ಟರು. ಕೃಷ್ಣಯ್ಯನವರು ತಮ್ಮ ಬ್ಯಾಟರಿಗಳ ಹಿಂದೆ ಹೋಗಿ ನಿಂತರು.

ಸಂಜೆಯ ಆರ್ಕೆಸ್ಟ್ರಾದಲ್ಲಿ ಹಾಡೊಂದು ನಡೆದಿರುವಾಗಲೇ ಡೀಸೆಲ್ ಮುಗಿದು ಜನರೇಟರು ನಿಂತಿತು. ಒಡನೆಯೇ ಸಭೆಗೆ ಸಭೆಯೇ ಎದ್ದಿತು. ಕರೆಂಟು ಹೋಯಿತೆಂದು ಮಕ್ಕಳನ್ನು ಕಂಕುಳಿಗೇರಿಸಿ, ಚಪ್ಪಲಿ ಹುಡುಕುತ್ತ, ಝಗಝಗಿಸುವ ದೀಪಗಳ ಕೆಳಗೇ. ಎದ್ದ ಜನರನ್ನು ಕಂಡು ಕೃಷ್ಣಯ್ಯನವರು ತಮ್ಮ ದೀಪಗಳೇ ಆರಿದವೇನೋ ಎಂದು ತಲೆಯೆತ್ತಿ ನೋಡಿದರು. ಒಂದೂ ಆರಿರಲಿಲ್ಲ.

ಅದುವರೆಗೆ ಹೊಗೆಗೆ ಕೆಮ್ಮುತ್ತ ಮೂಗಿಗೆ ಸೆರಗು ಹಿಡಿದು ಮುಂದಿನ ಸಾಲಿನಲ್ಲಿದ್ದ ಮುದುಕಿ ಸುಬ್ಬಲಕ್ಷ್ಮಮ್ಮ ಮಾತ್ರ ಕದಲಲಿಲ್ಲ. “ಎಲ್ಲಿಗ್ರೋ ಓಯ್ತೀರ? ದೀಪ ಉರೀತಾನೇ ಐತೆ. ಈಗ್ ತಾನೆ ಆಡು ಕಿವಿಗ್ ಬೀಳ್ತಿರಾದು, ಕೂತ್ಕಳಿ.”

ಜನ ಕೂತರು. ಡೀಸೆಲ್ ಕ್ಯಾನು ಹಿಡಿದು ಓಡಿಬಂದ ಅಧ್ಯಕ್ಷರನ್ನು ಅವರೇ ಗದರಿ ಹಿಂದಕ್ಕಟ್ಟಿದರು. ಮುಂದಿನ ವರ್ಷದಿಂದ ಸುತ್ತಲಿನ ಮದುವೆಮನೆಗಳಲ್ಲಿ ‘ಆ ಸದ್ದಿಲ್ದೋರ್ನೇ ಕರೀರಿ’ ಎನ್ನುವುದು ವಾಡಿಕೆಯಾಯಿತು.

ಪರಿಸರದ ಮೇಲೆ ಭಾಷಣ ಬಿಗಿಯುವವರಿಗೆ ಚಪ್ಪಾಳೆ ತಟ್ಟಿ ನಾವು ಮನೆಗೆ ಹೋಗಿ ಮರೆಯುತ್ತೇವೆ. ಕೃಷ್ಣಯ್ಯನಂಥವರು ಏನನ್ನೂ ಬೋಧಿಸುವುದಿಲ್ಲ. ಸದ್ದನ್ನೂ ಹೊಗೆಯನ್ನೂ ತೆಗೆದು, ದೀಪದ ಹಿಂದಿನ ಕತ್ತಲಲ್ಲಿ ನಿಲ್ಲುತ್ತಾರೆ. ಆ ನೆಮ್ಮದಿಯ ರುಚಿ ಒಮ್ಮೆ ಹತ್ತಿದವರು ಅವರನ್ನು ಬಿಡುವುದಿಲ್ಲ. ತಮ್ಮ ಒಂದು ಕಿವಿ ಹೋದ ಮೇಲೆ ಊರಿನ ಕಿವಿಗಳನ್ನೆಲ್ಲ ಕಾಯುವ ಜನ ಇವರು.